ಮೊಲದ ಹೊಟ್ಟೆಗೆ ದಿವಾದ ಹೆಪ್ಪು

ನನ್ನ ಚಿಕ್ಕಪ್ಪನ ಮೊಬೈಲಿನಲ್ಲಿ ಅವರ ಹೆಂಡತಿಯ ಫೋಟೊಗಳು ಎರಡೇ ಎರಡು. ಅದರಲ್ಲೂ ಒಂದು ಆಧಾರ್ ಕಾರ್ಡಿನದ್ದು! ಮೊಲದ ಹಿಕ್ಕೆಯ ಫೋಟೊಗಳು ಮಾತ್ರ ನೂರಾ ಹದಿನಾಲ್ಕು. ಬೆಳಗಿನ ಹಿಕ್ಕೆ, ಸಂಜೆಯ ಹಿಕ್ಕೆ, ಗಾತ್ರ ತಿಳಿಯಲೆಂದು ಪಕ್ಕದಲ್ಲಿ ಕಡಲೆಕಾಳು ಇಟ್ಟು ತೆಗೆದ ಹಿಕ್ಕೆ, ಕಿಟಕಿಯ ಬೆಳಕಿನಲ್ಲಿ ಹಿಕ್ಕೆ, ಟ್ಯೂಬ್‌ಲೈಟಿನಲ್ಲಿ ಹಿಕ್ಕೆ. ಮೊನ್ನೆ ಮುಂಬಯಿ ಪಕ್ಕದ ಠಾಣೆ ಊರಿನ ಒಂದು ಮದುವೆಯಲ್ಲಿ ಯಾರಿಗೋ ಊರಿನ ದೈವಸ್ಥಾನದ ಫೋಟೊ ತೋರಿಸಲು ಹೋಗಿ ಬೆರಳು ಜಾರಿತು. ಪಕ್ಕದಲ್ಲಿ ಕುಳಿತಿದ್ದ ಹಿರಿಯರು ಕನ್ನಡಕ ಏರಿಸಿ ನೋಡಿ, "ಓಹೋ, ಕಾಳುಮೆಣಸು ಭರ್ತಿ ಒಳ್ಳೆದುಂಟಲ್ಲ! ನಿಮ್ಮ ತೋಟದ್ದಾ?" ಎಂದು ಕೇಳಿದರು. ಚಿಕ್ಕಪ್ಪ ಸುಳ್ಳು ಹೇಳುವವರಲ್ಲ. "ತೋಟದ್ದಲ್ಲ, ಮನೆಯದ್ದೇ" ಎಂದರು.

ಇಂಥವರನ್ನು ಹುಚ್ಚರೆನ್ನಬೇಕೋ ಋಷಿಗಳೆನ್ನಬೇಕೋ ನನಗೆ ಇಷ್ಟು ವರ್ಷವಾದರೂ ತೀರ್ಮಾನವಾಗಿಲ್ಲ. ನಿಮಗೆ ಎಲ್ಲವನ್ನೂ ಹೇಳುತ್ತೇನೆ, ನೀವೇ ತೀರ್ಮಾನಿಸಿ.

ಉಡುಪಿ ಕಡೆಯಿಂದ ಮುಂಬಯಿಗೆ ಬಂದವರೆಲ್ಲ ಹೋಟೆಲು ಸೇರಿದರೆ, ಚಿಕ್ಕಪ್ಪ ಸೇರಿದ್ದು ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನ ಕಾಟಾಕ್ಕೆ. ಕಾಟಾ ಎಂದರೆ ನೆಲದಲ್ಲಿ ಹೂತಿಟ್ಟ ದೈತ್ಯ ತಕ್ಕಡಿ. ಸರಳು ತುಂಬಿದ ಲಾರಿ ಬಂದು ಅದರ ಮೇಲೆ ನಿಲ್ಲಬೇಕು, ಇವರು ಗಾಜಿನ ಹಿಂದಿನಿಂದ ತೂಕ ಕೂಗಬೇಕು. ಮೂವತ್ತನಾಲ್ಕು ವರ್ಷ ಇದನ್ನೇ ಮಾಡಿದ ಮನುಷ್ಯ ಜಗತ್ತನ್ನು ನೋಡುವ ರೀತಿಯೇ ಬೇರೆಯಾಗಿಬಿಡುತ್ತದೆ. ನನ್ನ ಮದುವೆಯ ದಿನ ಬಂಧುಗಳೆಲ್ಲ ಸಾಲಾಗಿ ಬಂದು ಮದುಮಗನ ಕೈ ಕುಲುಕಿ ಶುಭ ಹಾರೈಸುತ್ತಿದ್ದರೆ, ಚಿಕ್ಕಪ್ಪ ಎರಡು ಹೆಜ್ಜೆ ಹಿಂದೆ ನಿಂತು, ಒಂದು ಕಣ್ಣು ಮುಚ್ಚಿ, "ಎಪ್ಪತ್ತೆರಡೂವರೆ. ಹಾರ ತೆಗೆದ್ರೆ ಎಪ್ಪತ್ತೊಂದು ಮುಕ್ಕಾಲು" ಎಂದು ಘೋಷಿಸಿದರು. ನನ್ನ ಗಂಡ ಮರುದಿನ ಕದ್ದುಮುಚ್ಚಿ ತೂಕ ನೋಡಿಕೊಂಡ. ಎಪ್ಪತ್ತೊಂದು ಮುಕ್ಕಾಲು!

ನಿವೃತ್ತಿಯಾದ ಮೇಲೆ ಡೊಂಬಿವಲಿಯ ಮನೆಯಲ್ಲಿ ತೂಗಲು ಏನೂ ಇಲ್ಲದೆ ಅವರು ಬಾಡಿಹೋಗಿದ್ದರು. ಅಷ್ಟರಲ್ಲಿ ಮೂರನೆಯ ಮಾಳಿಗೆಯವರಿಗೆ ಪುಣೆಗೆ ವರ್ಗವಾಯಿತು. ಅವರ ಬಿಳಿ ಮೊಲವನ್ನು ಚಿಕ್ಕಮ್ಮ ಸೆರಗಿನಲ್ಲಿ ಎತ್ತಿಕೊಂಡು ಬಂದರು. ಚಿಕ್ಕಪ್ಪ ಬಾಗಿಲಿಗೆ ಅಡ್ಡ ನಿಂತರು. "ಈ ಮನೆಗೆ ಪ್ರಾಣಿ ಬೇಡ. ಬಂದ್ರೆ ನಾನು ಹೆಸರಿಡೋದಿಲ್ಲ, ಮುಟ್ಟೋದಿಲ್ಲ, ನೋಡೋದೂ ಇಲ್ಲ!" ಹೆಸರಿಡಲಿಲ್ಲ, ನಿಜ. ಕಾಟಾದಲ್ಲಿ ಪ್ರತಿ ಗಿರಾಕಿಯನ್ನೂ ಕರೆಯುತ್ತಿದ್ದಂತೆ 'ಪಾರ್ಟಿ' ಎಂದು ಕರೆದರು. ಮುಟ್ಟುವುದಿಲ್ಲವೆಂಬ ಪ್ರತಿಜ್ಞೆ ಮರುದಿನ ಬೆಳಿಗ್ಗೆ ಏಳು ಗಂಟೆಯವರೆಗೆ ಉಳಿಯಿತು. ಆಮೇಲೆ ಅಡುಗೆಮನೆಯ ತಕ್ಕಡಿಯ ಮೇಲೆ ಸ್ಟೀಲ್ ಬುಟ್ಟಿ, ಬುಟ್ಟಿಯೊಳಗೆ ಪಾರ್ಟಿ. ಅಂದಿನಿಂದ ಒಂದು ದಿನವೂ ತಪ್ಪಿದ್ದಿಲ್ಲ.

ಈ ಹುಚ್ಚನ್ನು ನೋಡಿ ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಒಂದು ದಿನ ಬೆಳಿಗ್ಗೆ ನಾನು ಠಾಣೆಯ ವರ್ತಕ ನಗರದ ನಮ್ಮ ಮನೆಯಲ್ಲಿ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ ಫೋನು.

"ಮಾರಾಯ್ತಿ, ಪಾರ್ಟಿ ನಲವತ್ತು ಗ್ರಾಮ್ ಶಾರ್ಟ್!"

"ಚಿಕ್ಕಪ್ಪ, ನಲವತ್ತು ಗ್ರಾಮ್ ಅಂದ್ರೆ ಒಂದು ಬಿಸ್ಕತ್ತಿನ ಪುಡಿಕೆ..."

"ಪಾರ್ಟಿಯೇ ಇರೋದು ಎರಡು ಕಿಲೊಕ್ಕೆ ಕಮ್ಮಿ. ಹತ್ತು ಟನ್ನಿನ ಲಾರಿಯಲ್ಲಿ ಇನ್ನೂರು ಕಿಲೊ ಮಾಲು ಕಮ್ಮಿ ಬಂದ್ರೆ ನಾನು ಗೇಟು ತೆಗೀತಿದ್ನಾ?"

ಅವರು ಗೇಟು ತೆಗೆಯಲಿಲ್ಲ. ಮೊಲವನ್ನು ಮಡಿಲಲ್ಲಿಟ್ಟು ಮೂಗಿನಿಂದ ಬಾಲದವರೆಗೆ ಸವರಿ ನೋಡಿದರು. ದವಡೆಯ ಕೆಳಗೆ ಬೆರಳಿಗೆ ಒಂದು ಗಂಟು ಸಿಕ್ಕಿತು.

ಸುದ್ದಿ ತಿಳಿದು ಪಕ್ಕದ ಮನೆಯಾಕೆ ಒಳ್ಳೆಯ ಮನಸ್ಸಿನಿಂದಲೇ ಓಡಿಬಂದರು. ಅವರ ಮಗನಿಗೆ ಗಂಟಲು ನೋವಿಗೆ ಕೊಟ್ಟ ಆಂಟಿಬಯೋಟಿಕ್ ಅರ್ಧ ಬಾಟಲಿ ಉಳಿದಿತ್ತಂತೆ. "ಸಣ್ಣ ಮಕ್ಕಳಿಗೆ ಕೊಡುವುದೇ ಅಂಕಲ್, ಮೊಲಕ್ಕೆ ಎರಡು ಹನಿ ಹಾಕಿದರೆ ಏನಾಗುತ್ತದೆ?" ಚಿಕ್ಕಪ್ಪ ಬಾಟಲಿಯನ್ನು ಗೌರವದಿಂದ ಹಿಂದಿರುಗಿಸಿದರು. "ಲಾರಿಯ ಡೀಸೆಲ್ ಅಂತ ಸ್ಕೂಟರಿಗೆ ಎರಡು ಹನಿ ಹಾಕ್ಲಿಕ್ಕೆ ಆಗ್ತದಾ ಮೇಡಂ?"

ಆ ಬಾಟಲಿಯ ಹೆಸರನ್ನು ಮಾತ್ರ ಅವರು ನೆನಪಿಟ್ಟುಕೊಂಡಿದ್ದರು. ನಮ್ಮ ಮನೆಯ ಹತ್ತಿರ ಮೊಲ, ಗಿಳಿ, ಆಮೆಗಳನ್ನು ನೋಡುವ ಒಬ್ಬ ಡಾಕ್ಟರ್ ಹುಡುಗಿ ಇದ್ದಾಳೆ. ಅವಳ ಎದುರು ಹೇಳಿದಾಗ ಅವಳು ಪೆನ್ನು ಕೆಳಗಿಟ್ಟಳು. "ಕಾಕಾ, ಅದನ್ನು ಬಾಯಿಗೆ ಹಾಕಿದ್ದರೆ ನೀವು ಇವತ್ತು ಇಲ್ಲಿಗೆ ಬರುವ ಅಗತ್ಯವೇ ಇರುತ್ತಿರಲಿಲ್ಲ. ಮೊಲದ ಹೊಟ್ಟೆಯಲ್ಲಿ ಒಳ್ಳೆಯ ಕ್ರಿಮಿಗಳ ಒಂದು ದೊಡ್ಡ ಊರೇ ಇದೆ. ಅವು ಹುಲ್ಲನ್ನು ಜೀರ್ಣಿಸಿದರೇ ಅದು ಬದುಕುವುದು. ಕೆಲವು ಔಷಧಿಗಳು ಆ ಊರನ್ನೇ ಸುಟ್ಟುಬಿಡುತ್ತವೆ." ಹಲ್ಲಿನ ಬೇರಿನಲ್ಲಿ ಕೀವಾಗಿತ್ತು. ಅವಳು ಕೀವು ತೆಗೆದು, ಮೊಲಕ್ಕೆ ಒಗ್ಗುವ ಬೇರೆ ಆಂಟಿಬಯೋಟಿಕ್ ಬರೆದುಕೊಟ್ಟಳು. ಹದಿನಾಲ್ಕು ದಿನ, ದಿನಕ್ಕೆ ಎರಡು ಸಲ. "ಇದು ಸುರಕ್ಷಿತ. ಆದರೂ ಹೊಟ್ಟೆ ಮುನಿಸಿಕೊಳ್ಳಬಹುದು. ತಿನ್ನುವುದನ್ನೂ ಹಿಕ್ಕೆಯನ್ನೂ ನೋಡುತ್ತಿರಿ. ಅನುಮಾನ ಬಂದರೆ ಫೋಟೊ ಕಳಿಸಿ."

ಅನುಮಾನ ಬಂದರೆ ಎಂದಳು ಪಾಪ. ಯಾರಿಗೆ ಹೇಳುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ. ಮೊದಲ ದಿನವೇ ಹನ್ನೊಂದು ಫೋಟೊ ಹೋದವು! ಮೂರನೆಯ ದಿನ ಅವಳಿಂದ ಉತ್ತರ ಬಂತು: "ಕಾಕಾ, ಇಷ್ಟು ಒಳ್ಳೆಯ ಫೋಟೊಗಳನ್ನು ನನ್ನ ಕಾಲೇಜಿನ ಪುಸ್ತಕದಲ್ಲೂ ನೋಡಿರಲಿಲ್ಲ." ಚಿಕ್ಕಪ್ಪ ಅದನ್ನು ನಮಗೆಲ್ಲ ಫಾರ್ವರ್ಡ್ ಮಾಡಿದರು.

ಐದನೆಯ ದಿನ ಸಂಜೆ ಹಿಕ್ಕೆ ಸಣ್ಣದಾಯಿತು. ಕಡಲೆಕಾಳಿನಷ್ಟು ಇದ್ದದ್ದು ಸಾಸಿವೆಯ ಕಡೆಗೆ ಹೊರಟಿತು. ಪಾರ್ಟಿ ಕೊತ್ತಂಬರಿಯ ಕಡೆ ನೋಡಿ ಮುಖ ತಿರುಗಿಸಿತು. ನಾನು ಮರುದಿನಕ್ಕೆ ರಜೆ ಹಾಕಿ ರಾತ್ರಿಯೇ ಡೊಂಬಿವಲಿಗೆ ಹೋದೆ. ಬೆಳಿಗ್ಗೆ ಬುಟ್ಟಿಯಲ್ಲಿ ಹಿಕ್ಕೆಯೇ ಇಲ್ಲ. ಮೊಲ ಮೂಲೆಯಲ್ಲಿ ಬೆನ್ನು ಗೂನು ಮಾಡಿ, ಕಣ್ಣು ಅರ್ಧ ಮುಚ್ಚಿ, ಹಲ್ಲು ಕಡಿಯುತ್ತ ಕುಳಿತಿತ್ತು. "ತಡಮಾಡಬೇಡಿ, ಈಗಲೇ ಹೊರಡಿ" ಎಂದಳು ಡಾಕ್ಟರ್ ಫೋನಿನಲ್ಲಿ. "ಮೊಲ ತಿನ್ನುವುದನ್ನು ನಿಲ್ಲಿಸಿದರೆ ಕರುಳು ನಿಲ್ಲುತ್ತದೆ. ಕರುಳು ನಿಂತರೆ ಒಂದು ದಿನ ಉಳಿಯುವುದೂ ಕಷ್ಟ."

ಟ್ಯಾಕ್ಸಿ ಮಾಡೋಣವೆಂದೆ. "ರಸ್ತೆಯಲ್ಲಿ ಹೋದ್ರೆ ಶೀಳ್‌ಫಾಟಾದ ಟ್ರಾಫಿಕ್ಕಿನಲ್ಲೇ ಪಾರ್ಟಿಗೆ ವಯಸ್ಸಾಗ್ತದೆ" ಎಂದರು ಚಿಕ್ಕಪ್ಪ. ಬೆಳಗಿನ ಎಂಟು ಗಂಟೆಗೆ ಡೊಂಬಿವಲಿಯಲ್ಲಿ ಮನುಷ್ಯರೇ ಲೋಕಲ್ ಹತ್ತಲಾರರು, ಮೊಲ ಹತ್ತುವುದುಂಟೇ? ಅದಕ್ಕೂ ಅವರ ಬಳಿ ಉಪಾಯವಿತ್ತು. ಉಲ್ಟಾ ದಿಕ್ಕಿಗೆ ಕಲ್ಯಾಣಕ್ಕೆ ಹೋಗಿ, ಅಲ್ಲಿಂದಲೇ ಹೊರಡುವ ಗಾಡಿಯಲ್ಲಿ ಸೀಟು ಹಿಡಿದೆವು. ಆದರೆ ಹಿಡಿದದ್ದು ದಿನವೂ ಭಜನೆ ಮಾಡುತ್ತ ಹೋಗುವ ಮಂಡಳಿಯ ಬೋಗಿಯನ್ನು! ತಾಳ, ಢೋಲಕಿ, ಇಪ್ಪತ್ತು ಗಂಟಲು. ಮೊದಲ ತಾಳಕ್ಕೇ ಬುಟ್ಟಿ ನಡುಗಿತು. ಚಿಕ್ಕಪ್ಪ ಎದ್ದು ನಿಂತು ಮುಖ್ಯ ಗಾಯಕರಿಗೆ ಕೈ ಮುಗಿದರು. ಅವರ ಮರಾಠಿ ಕಾಟಾದ ಮರಾಠಿ, ಎಲ್ಲವೂ ಚುಟುಕು.

"ಮಾವುಲೀ, ಜರಾ ಹಳೂ. ಪೇಶಂಟ್ ಆಹೆ. ಪೋಟಾತ್ ಗ್ಯಾಸ್." ಸ್ವಲ್ಪ ಮೆಲ್ಲಗೆ, ಪೇಶಂಟ್ ಇದೆ, ಹೊಟ್ಟೆಯಲ್ಲಿ ಗ್ಯಾಸ್ ಎಂದು.

"ಕೋಣಾಲಾ?" ಯಾರಿಗೆ ಎಂದು ಅವರು ಗಾಬರಿಯಿಂದ ನನ್ನ ಮುಖ ನೋಡಿದರು.

"ಸಶಾಲಾ." ಮೊಲಕ್ಕೆ!

ನಗು ಸಿಡಿಯುವುದೆಂದುಕೊಂಡೆ. ಬುಟ್ಟಿಯೊಳಗೆ ಇಣುಕಿದ ಆ ಮನುಷ್ಯ ತಾಳವನ್ನು ಚೀಲಕ್ಕೆ ಹಾಕಿದರು. ಠಾಣೆಯವರೆಗೂ ಇಪ್ಪತ್ತು ಗಂಡಸರು ತೊಟ್ಟಿಲ ಹಾಡಿನಂತೆ ಪಿಸುದನಿಯಲ್ಲಿ ವಿಠ್ಠಲನನ್ನು ಕರೆದರು. ಇಳಿಯುವಾಗ ಬುಟ್ಟಿಯನ್ನು ಕೈಯಿಂದ ಕೈಗೆ ತಲೆಯ ಮೇಲಿನಿಂದ ದಾಟಿಸಿ ಪ್ಲಾಟ್‌ಫಾರ್ಮಿಗೆ ಮುಟ್ಟಿಸಿದರು. ನಮ್ಮನ್ನು ಮಾತ್ರ ಯಾರೂ ದಾಟಿಸಲಿಲ್ಲ. ನಾವು ನೂಕಿಸಿಕೊಂಡೇ ಇಳಿದೆವು.

ಡಾಕ್ಟರ್ ಹೊಟ್ಟೆ ಒತ್ತಿ ನೋಡಿದಳು, ಚರ್ಮದಡಿ ನೀರು ಏರಿಸಿದಳು, ನೋವಿಗೂ ಕರುಳಿನ ಚಲನೆಗೂ ಚುಚ್ಚುಮದ್ದು ಕೊಟ್ಟಳು.

"ಔಷಧಿ ನಿಲ್ಲಿಸಿಬಿಡೋಣವಾ?" ಎಂದೆ ನಾನು.

"ನಿಲ್ಲಿಸಿದರೆ ಕೀವು ಕೊಲ್ಲುತ್ತದೆ. ಬಾಯಿಯ ಬದಲು ಇಂಜೆಕ್ಷನ್ ಬರೆದುಕೊಡುತ್ತೇನೆ, ಮನೆಯಲ್ಲಿ ಹಾಕುವುದನ್ನು ಕಲಿಸುತ್ತೇನೆ. ನೀವು ಮೂರು ಮೂರು ಗಂಟೆಗೆ ಈ ಹುಲ್ಲಿನ ಪುಡಿಯ ಅಂಬಲಿಯನ್ನು ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪವೇ ತಿನ್ನಿಸಬೇಕು. ಬೆಚ್ಚಗಿಡಿ. ಒಣಹುಲ್ಲು ಸದಾ ಎದುರಿಗಿರಲಿ. ಹಣ್ಣು, ಬಿಸ್ಕತ್ತು ಏನೂ ಬೇಡ." ಅವಳು ಸ್ವಲ್ಪ ತಡೆದಳು. "ಇನ್ನೊಂದು ದಾರಿ ಇದೆ. ಹೇಳಿದರೆ ನೀವು ಅಸಹ್ಯಪಡಬಹುದು. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಒಂದು ಗಟ್ಟಿಯದ್ದು, ನೀವು ಫೋಟೊ ಕಳಿಸುವುದು. ಇನ್ನೊಂದು ಮೆತ್ತಗೆ, ಪುಟ್ಟ ದ್ರಾಕ್ಷಿ ಗೊಂಚಲಿನಂತೆ. ಅದನ್ನು ಅದೇ ಬಾಯಿ ಹಾಕಿ ತಿಂದುಬಿಡುತ್ತದೆ, ಅದರ ತುಂಬ ಒಳ್ಳೆಯ ಕ್ರಿಮಿಗಳಿರುತ್ತವೆ. ಆರೋಗ್ಯವಾಗಿರುವ ಮೊಲದ ಅಂಥ ಹಿಕ್ಕೆ ಸಿಕ್ಕಿದರೆ ಇದಕ್ಕೆ ತಿನ್ನಿಸಬಹುದು."

ನಾನು ಮೂಗು ಮುಚ್ಚಿಕೊಂಡೆ. ಚಿಕ್ಕಪ್ಪ ಫೋನಿನ ಸ್ಪೀಕರ್ ಹಾಕಿ ಅದನ್ನೆಲ್ಲ ತುಳುವಿನಲ್ಲಿ ಚಿಕ್ಕಮ್ಮನಿಗೆ ವರದಿ ಮಾಡಿದರು. ಆ ಕಡೆಯಿಂದ ಚಿಕ್ಕಮ್ಮ ಸಮಾಧಾನದಿಂದ ಅಂದರು: "ಅದರಲ್ಲಿ ಎಂತ ಉಂಟು? ನಮ್ಮ ಹೆಪ್ಪು ಹಾಳಾದ್ರೆ ಪಕ್ಕದ ಮನೆಯಿಂದ ಒಂದು ಚಮಚ ತರೋದಿಲ್ವಾ? ಹಾಗೇ."

ಐದು ವರ್ಷ ಓದಿದ ಡಾಕ್ಟರಿಗೆ ಇಷ್ಟು ಚೆನ್ನಾಗಿ ಹೇಳಲು ಬಂದಿರಲಿಲ್ಲ! ನಾನು ಮರಾಠಿಯಲ್ಲಿ ವಿವರಿಸಿದಾಗ ಅವಳು ನೋಟ್‌ಪ್ಯಾಡಿನಲ್ಲಿ ಬರೆದುಕೊಂಡಳು.

ಹೆಪ್ಪಿನ ಬೇಟೆ ಆರಂಭವಾಯಿತು. ಚಿಕ್ಕಪ್ಪ ಕ್ಲಿನಿಕ್ಕಿನ ಮೆಟ್ಟಿಲಲ್ಲೇ ನಿಂತು ತಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಸಂದೇಶ ಹಾಕಿದರು: "ತುರ್ತು. ಆರೋಗ್ಯವಂತ ಮೊಲದ ಮಲ ಬೇಕಾಗಿದೆ. ತಾಜಾ ಇರಬೇಕು. ತಿನ್ನಿಸಲಿಕ್ಕೆ." ಎರಡು ನಿಮಿಷದಲ್ಲಿ ಸೆಕ್ರೆಟರಿ ಅವರನ್ನು ಗುಂಪಿನಿಂದ ಹೊರಹಾಕಿದರು. "ತಿನ್ನಿಸಲಿಕ್ಕೆ ಅಂತ ಹಾಕಬಾರದಿತ್ತು ಚಿಕ್ಕಪ್ಪ" ಎಂದೆ. "ಹಾಕದಿದ್ರೆ ಗೊಬ್ಬರಕ್ಕೆ ಅಂತ ಹಳೇದನ್ನು ಕೊಟ್ಟುಬಿಡ್ತಾರೆ" ಎಂದರು.

ಆದರೆ ಇಂಥ ಸಂದೇಶವನ್ನು ನಗಲೆಂದು ಫಾರ್ವರ್ಡ್ ಮಾಡದಿರುವ ಪುಣ್ಯಾತ್ಮರು ಯಾರಿದ್ದಾರೆ? ಅದು ಡೊಂಬಿವಲಿಯಿಂದ ಹೊರಟು, ಎಷ್ಟು ಮಂದಿಯನ್ನು ನಗಿಸಿತೋ, ಸಂಜೆಯ ಹೊತ್ತಿಗೆ ಎರಡು ಸ್ಟೇಷನ್ ಆಚೆಯ ದಿವಾ ಊರನ್ನು ಮುಟ್ಟಿತು. ಅಲ್ಲಿಂದ ಒಬ್ಬ ಹೆಂಗಸು ಫೋನು ಮಾಡಿದಳು. ವಿಜಾಪುರದ ಕಡೆಯವಳು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. "ಕಾಕಾರ, ನಾ ಏನ್ ತಿಳಕೊಂಡಿದ್ದೆ, ಯಾರೋ ಮಶ್ಕಿರಿ ಮಾಡ್ಯಾರ ಅಂತ. ಖರೇನ ಬೇಕೇನ್ರಿ? ನಮ್ಮ ಮನ್ಯಾಗ ಒಂದು ಐತಿ. ಶೇಠ್ ಅಂತ ಹೆಸರು. ಉಣ್ಣೋದು, ಮಲಗೋದು, ಬ್ಯಾರೆ ಕೆಲಸಿಲ್ಲ." ನಮ್ಮ ಡಾಕ್ಟರನ್ನು ಕೇಳಿದರೆ ಆ ಶೇಠ್ ಕೂಡ ಅವಳದೇ ಪೇಶಂಟ್! ಹದಿನೈದು ದಿನದ ಹಿಂದೆ ಪರೀಕ್ಷೆ ಮಾಡಿದ್ದಳು. "ಕಲ್ಲಿನಂಥ ಆರೋಗ್ಯ. ತನ್ನಿ" ಎಂದಳು.

ಮೆತ್ತಗಿನ ಹಿಕ್ಕೆ ಬೆಳಗಿನ ಜಾವಕ್ಕೆ ಬೀಳುವುದು. ಬಿದ್ದೊಡನೆ ಮೊಲ ತಿಂದುಬಿಡುತ್ತದೆ. ಹಾಗಾಗಿ ಮರುದಿನ ಐದೂವರೆಯ ಲೋಕಲಿನಲ್ಲಿ ನಾನು, ಚಿಕ್ಕಪ್ಪ ದಿವಾದಲ್ಲಿ ಇಳಿದೆವು. ಚಿಕ್ಕಪ್ಪನ ಕೈಯಲ್ಲಿ ಒಂದು ತೆಂಗಿನಕಾಯಿ, ಒಂದು ಪೊಟ್ಟಣ ಅವಲಕ್ಕಿ. "ಹೆಪ್ಪು ತರ್ಲಿಕ್ಕೆ ಬರಿಗೈಯಲ್ಲಿ ಹೋಗೋದುಂಟಾ?"

ಸಂದಿಯೊಳಗಿನ ಒಂದೇ ಕೋಣೆಯ ಮನೆ. ಹೊಲಿಗೆ ಮೆಷಿನ್ನಿನ ಕೆಳಗೆ ಶೇಠ್ ವಿರಾಜಮಾನ. ಕುತ್ತಿಗೆಗೆ ಬ್ಲೌಸಿನ ಕ್ಯಾನ್ವಾಸಿನಲ್ಲಿ ಹೊಲಿದ ಅಗಲವಾದ ಕಾಲರ್, ತಿರುಗಿ ಬಾಯಿ ಹಾಕದಿರಲೆಂದು. ಅಂಚಿಗೆ ಪೈಪಿಂಗ್ ಬೇರೆ! "ಬರೇ ಕ್ಯಾನ್ವಾಸ್ ಹಾಕಿದ್ರ ಚಂದ ಕಾಣಾಂಗಿಲ್ರಿ" ಎಂದಳು ಆಕೆ. ಅವಳು ಚಹಾ ಕೊಟ್ಟಳು. ನಾವು ಮೂವರೂ ಚಹಾ ಕುಡಿಯುತ್ತ ಒಂದು ಮೊಲದ ಹಿಂಬದಿಯನ್ನೇ ನೋಡುತ್ತ ಕುಳಿತೆವು. ನಾನು ದೇವರ ಮಂಗಳಾರತಿಯನ್ನೂ ಅಷ್ಟು ಏಕಾಗ್ರತೆಯಿಂದ ನೋಡಿದ್ದಿಲ್ಲ. ಅರ್ಧ ಗಂಟೆ, ಮುಕ್ಕಾಲು ಗಂಟೆ. ಶೇಠ್ ನಮ್ಮನ್ನು ತಿರಸ್ಕಾರದಿಂದ ನೋಡಿತು. ಆಮೇಲೆ ಒಮ್ಮೆ ಬಗ್ಗಿತು, ಕಾಲರಿಗೆ ಮೂಗು ತಾಗಿ ಸಿಟ್ಟಿನಿಂದ ಕಾಲು ಬಡಿಯಿತು.

"ಬಂತು!" ಚಿಕ್ಕಪ್ಪ ಹಾರಿದ ಹಾರಿಕೆಗೆ ಚಹಾದ ಲೋಟ ಉರುಳಿತು.

ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹೆಪ್ಪು, ಡಬ್ಬಿ ಚಿಕ್ಕಪ್ಪನ ಅಂಗಿಯ ಎದೆಜೇಬಿನಲ್ಲಿ, ಜೇಬಿನ ಮೇಲೆ ಅವರ ಅಂಗೈ. ವಾಪಸು ಗಾಡಿಯಲ್ಲಿ ಎದುರಿನವನೊಬ್ಬ ಅನುಮಾನದಿಂದ ನೋಡಿ, "ಚಾಚಾ, ಡಬ್ಬೇ ಮೇ ಕ್ಯಾ ಹೈ?" ಎಂದ.

"ನಾಷ್ಟಾ."

"ಇತ್ನಾ ಸಾ?"

"ಅಪ್ನಾ ನಹೀ. ಮರೀಜ್ ಕಾ." ನನ್ನದಲ್ಲ, ರೋಗಿಯದ್ದು!

ಅವನು ಪಾಪ, ಎದ್ದು ಸೀಟು ಬಿಟ್ಟುಕೊಟ್ಟ.

ಅಂಬಲಿಗೆ ಹೆಪ್ಪನ್ನು ಕಲಸಿ ಸಿರಿಂಜಿನಲ್ಲಿ ಹಾಕಿ ಚಿಕ್ಕಪ್ಪ ನೆಲದ ಮೇಲೆ ಕುಳಿತರು. ಮಂಡಿನೋವಿನಿಂದ ಎರಡು ವರ್ಷ ನೆಲ ಕಾಣದವರು! ಮೊಲವನ್ನು ಟವೆಲಿನಲ್ಲಿ ಸುತ್ತಿ, ಬಾಯಿಯ ಬದಿಯಿಂದ ಒಂದೊಂದೇ ಹನಿ. "ತಿನ್ಲ ಮಗಾ, ಒಂತೆ ತಿನ್ಲ" ಎಂದು ತುಳುವಿನಲ್ಲಿ, ಸ್ವಲ್ಪವಾದರೂ ತಿನ್ನೆಂದು, ಸಣ್ಣಗೆ ಹೇಳುತ್ತಿದ್ದರು. ಮೊಲ ಒಂದು ಗುಟುಕು ನುಂಗಿತು, ಇನ್ನೊಂದು ಉಗುಳಿತು. ಬಿಸಿನೀರಿನ ಬಾಟಲಿ ಬದಲಿಸುವುದು ಚಿಕ್ಕಮ್ಮನ ಪಾಳಿ. ಹೊಟ್ಟೆ ಸವರುವುದು ನನ್ನ ಪಾಳಿ. ಮಧ್ಯಾಹ್ನ ಅದು ತಲೆಯನ್ನು ನೆಲಕ್ಕೆ ಹಾಕಿತು. ಆದರೂ ಚಿಕ್ಕಪ್ಪ ಸಿರಿಂಜು ಕೆಳಗಿಡಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಒಂದು ಸಣ್ಣ ಸದ್ದು. ಟಪ್. ಆಮೇಲೆ ಇನ್ನೆರಡು, ಟಪ್ ಟಪ್.

ಚಿಕ್ಕಪ್ಪ ಅಂಗಿ ತೊಟ್ಟುಕೊಂಡು ಕೆಳಗಿಳಿದು ಪೇಡೆಯ ಪೊಟ್ಟಣ ತಂದು ಎಲ್ಲ ಮಾಳಿಗೆಗಳಿಗೂ ಹಂಚಿದರು. ಸೆಕ್ರೆಟರಿಯ ಮನೆಯ ಬಾಗಿಲು ತೆರೆಯಿತು. "ಏನು ಖುಷಿ ಅಂಕಲ್, ಮೊಮ್ಮಗನಾ?"

"ಅಲ್ಲ. ಹಿಕ್ಕೆ!"

ಪೇಡೆ ಆಗಲೇ ಅವರ ಬಾಯಿಯೊಳಗಿತ್ತು.

ಗುಣವಾದದ್ದು ಯಾವುದರಿಂದ? ಚುಚ್ಚುಮದ್ದು, ಅಂಬಲಿ, ಬಿಸಿ, ಹುಲ್ಲು ಎಲ್ಲ ಸೇರಿ ಎನ್ನುತ್ತಾಳೆ ಡಾಕ್ಟರ್. ಚಿಕ್ಕಪ್ಪ ಎಲ್ಲ ಕೀರ್ತಿಯನ್ನೂ ದಿವಾಕ್ಕೆ ಕೊಟ್ಟಿದ್ದಾರೆ. ಏನೇ ಇರಲಿ, ಔಷಧಿಯ ಒಂದು ಪಾಳಿಯನ್ನೂ ತಪ್ಪಿಸದೆ, ಹೊಟ್ಟೆಯನ್ನೂ ಮತ್ತೆ ಮುನಿಯಲು ಬಿಡದೆ ಅವರು ಹದಿನಾಲ್ಕನೆಯ ದಿನ ಮುಟ್ಟಿಸಿದರು. ದವಡೆಯ ಗಂಟು ಕರಗಿತು.

ಆ ಭಾನುವಾರ ನಾನು ಡೊಂಬಿವಲಿಗೆ ಹೋದೆ. ಚಿಕ್ಕಪ್ಪ ಬಾಲ್ಕನಿಯಲ್ಲಿ ಕುಳಿತು ಹುಲ್ಲು ಬಿಡಿಸಿ ಹಾಕುತ್ತಿದ್ದರು. ನಾನು ಕೀಟಲೆಗೆ, "ಏನು ಚಿಕ್ಕಪ್ಪ, ಮೊಲಕ್ಕೆ ಇಷ್ಟು ಸೇವೆ ಮಾಡಿದ್ರಿ. ಇದೆಲ್ಲ ನಿಮಗೆ ಎಲ್ಲಿಂದ ಬಂತು?" ಎಂದೆ. ಏನಾದರೂ ತಮಾಷೆಯ ಉತ್ತರ ಬರಬಹುದೆಂದು ಕಾದೆ. ಅವರು ತಲೆ ಎತ್ತಲಿಲ್ಲ.

"ನಿನ್ನ ಚಿಕ್ಕಮ್ಮನಿಗೆ ಕಲ್ಯಾಣದಲ್ಲಿ ಆಪರೇಶನ್ ಆಗಿತ್ತಲ್ಲ, ನೀನು ಶಾಲೆಗೆ ಹೋಗುವಾಗ? ಮನೆಗೆ ಬಂದ ಮೇಲೆ ಹತ್ತು ದಿನ ದೊಡ್ಡ ದೊಡ್ಡ ಗುಳಿಗೆ. ಬಾಯಿ ಕಹಿ, ಹೊಟ್ಟೆ ಹಾಳು. ಎಂತದೂ ಬೇಡ ಅಂತ ಗೋಡೆ ಕಡೆ ತಿರುಗಿ ಮಲಗ್ತಿದ್ದಳು. ನಾನು ಎಂತ ಹೇಳಿದೆ ಗೊತ್ತುಂಟಾ? 'ಗುಳಿಗೆ ತಗೊಂಡಿಯಲ್ಲ, ಸರಿಯಾಗ್ತದೆ' ಅಂತ. ಹೇಳಿ ಡ್ಯೂಟಿಗೆ ಹೋದೆ. ಹತ್ತು ದಿನವೂ ಹೋದೆ." ಅವರು ಒಂದು ಹುಲ್ಲಿನ ಎಳೆಯನ್ನು ಎರಡಾಗಿ ಸೀಳಿದರು. "ಗುಳಿಗೆ ಹೊಟ್ಟೆಯನ್ನೂ ಹೊಡೀತದೆ, ತಿನ್ನದವರನ್ನು ಹತ್ತಿರ ಕೂತು ತಿನ್ನಿಸ್ಬೇಕು ಅಂತ ನನಗೆ ಆಗ ಗೊತ್ತಿರಲಿಲ್ಲ. ಈ ಡಾಕ್ಟರ್ ಹುಡುಗಿ ಹೇಳಿದ ಮೇಲೆಯೇ ಗೊತ್ತಾದದ್ದು."

ಅಡುಗೆಮನೆಯಲ್ಲಿ ಕಾಯಿ ತುರಿಯುವ ಸದ್ದು ನಿಂತಿತ್ತು. ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ನನ್ನ ಕಡೆ ತಿರುಗಿ ಹೇಳಿದರು:

"ಆಗ ನನಗೆ ಎಂತ ತಿನ್ನುವ ಅಂತ ಆಗಿತ್ತು, ಕೇಳ್ಲಿಕ್ಕೆ ಹೇಳು ಅವರಿಗೆ."

ಚಿಕ್ಕಪ್ಪ ತಲೆ ಎತ್ತಿದರು. "ಎಂತ?"

"ಕುಚ್ಚಲಕ್ಕಿ ಗಂಜಿ. ನೀರು ನೀರು. ಬದಿಗೆ ಒಂದು ಮಾವಿನ ಮಿಡಿ. ಎದ್ದು ಮಾಡಿಕೊಳ್ಳುವ ತ್ರಾಣ ಇರಲಿಲ್ಲ."

ಬಾಲ್ಕನಿಯ ಸರಳು ಹಿಡಿದು, ಮಂಡಿ ಒತ್ತಿಕೊಂಡು ಚಿಕ್ಕಪ್ಪ ಎದ್ದರು. ಚಿಕ್ಕಮ್ಮನನ್ನು ದಾಟಿ ಅಡುಗೆಮನೆಗೆ ಹೋದರು. ಡಬ್ಬಗಳ ಮುಚ್ಚಳ ತೆಗೆದು ಹಾಕುವ ಸದ್ದು ಕೇಳಿತು. ಆಮೇಲೆ ಅವರ ದನಿ.

"ಅಕ್ಕಿ ಯಾವ ಡಬ್ಬದಲ್ಲಿ ಉಂಟು?"

ಚಿಕ್ಕಮ್ಮ ಹೇಳಿದರು, ಆದರೆ ಒಳಗೆ ಹೋಗಲಿಲ್ಲ. ನನ್ನ ಪಕ್ಕದಲ್ಲೇ ಕುಳಿತುಕೊಂಡರು. ಕುಚ್ಚಲಕ್ಕಿ ಬೇಯಲು ಹೊತ್ತು ಬೇಕು. ಅಷ್ಟೂ ಹೊತ್ತು ಅವರು ಸುಮ್ಮನೆ ಕುಳಿತಿದ್ದರು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು.

ಚಿಕ್ಕಪ್ಪ ಬಟ್ಟಲು ತಂದು ಎದುರಿಗಿಟ್ಟು, ತಾವೂ ಎದುರಿಗೇ ಕುಳಿತರು. ಮೊದಲ ಗುಟುಕಿಗೇ ಚಿಕ್ಕಮ್ಮನ ಮುಖ ಕಿವುಚಿತು. ಗಂಜಿಗೆ ಉಪ್ಪು ಹೆಚ್ಚಾಗಿತ್ತು. ಆದರೂ ಪೂರ್ತಿ ಕುಡಿದರು. ಕುಡಿದು, ಖಾಲಿ ಬಟ್ಟಲನ್ನು ಮತ್ತಷ್ಟಕ್ಕೆಂದು ಚಿಕ್ಕಪ್ಪನ ಮುಂದೆ ಹಿಡಿದರು.